ಆ ಒಂದೂವರೆ ನಿಮಿಷದಲ್ಲಿ ಯಾರಿಗೆ ಹೇಳಿದರು, ಯಾರಿಗೆ ಹೇಳಲಿಲ್ಲ

ಈ ವಾರ ಒಂದು ವೈರಿನ ಕಥೆ.

2025ರ ನವೆಂಬರ್ 18ರಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ಬಾಲ್ಟಿಮೋರ್ ಸೇತುವೆ ದುರಂತದ ತನಿಖೆಯ ತೀರ್ಮಾನ ಹೇಳಿತು. ಡಾಲಿ ಅನ್ನೋ ಹಡಗಿನ ಒಳಗೆ ಒಂದು ಸಿಗ್ನಲ್ ವೈರ್ ಇತ್ತು. ಅದರ ತುದಿಗೆ ಗುರುತಿಗೆ ಅಂತ ಒಂದು ಸಣ್ಣ ಲೇಬಲ್ ಸಿಕ್ಕಿಸಿದ್ದರು. ಆ ಲೇಬಲ್ ಕೂತ ಜಾಗ ಸರಿ ಇರಲಿಲ್ಲ. ಹಾಗಾಗಿ ವೈರ್ ತನ್ನ ತೂತಿನೊಳಗೆ ಪೂರ್ತಿ ಹೋಗಿ ಕೂರಲಿಲ್ಲ, ಸಡಿಲವಾಗಿತ್ತು. ಅದು ಬಿಟ್ಟುಕೊಂಡಿತು, ಬ್ರೇಕರ್ ಬಿತ್ತು, ಹಡಗಿನ ಕರೆಂಟ್ ಹೋಯ್ತು. ಸುಮಾರು 300 ಮೀಟರ್ ಉದ್ದದ ಹಡಗು. ಅದರಲ್ಲಿ ಸಾವಿರಾರು ವೈರ್. ಅಷ್ಟರಲ್ಲಿ ಒಂದು ಸಡಿಲ ವೈರ್ ಹುಡುಕೋದು ಐಫೆಲ್ ಟವರಿನಲ್ಲಿ ಒಂದು ಸಡಿಲ ರಿವೆಟ್ ಹುಡುಕಿದ ಹಾಗೆ ಅಂತ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಹೇಳಿದರು.

ಈ ಸುದ್ದಿ ನಮ್ಮಲ್ಲಿ ಎಷ್ಟು ಜನಕ್ಕೆ ಮುಟ್ಟಿತು ಅಂತ ನೋಡೋಕೆ ನಾನು ಸುಮ್ಮನೆ ನಮ್ಮ ಮನೆಯ ವಾಟ್ಸಾಪ್ ಗ್ರೂಪ್ ತೆಗೆದೆ. 2024ರ ಮಾರ್ಚ್ 26ರ ದಿನ ಅದೇ ಗ್ರೂಪಿನಲ್ಲಿ ಸೇತುವೆ ಬೀಳೋ ವಿಡಿಯೊ ಎಷ್ಟು ಸಲ ಬಂದಿತ್ತೋ ಲೆಕ್ಕ ಇಲ್ಲ. ಈ ಸಲ ಒಂದು ಲಿಂಕ್ ಕೂಡ ಇಲ್ಲ. ಕಾರಣ ಗೊತ್ತಾಗೋ ಹೊತ್ತಿಗೆ ಕೇಳೋರೇ ಇರಲಿಲ್ಲ. ಆವತ್ತು ಎಲ್ಲರ ಹತ್ತಿರ ಕಾರಣ ಇತ್ತು, ಅದೂ ತರಾವರಿ. ನಾನು ಈ ಕಂತಿನಲ್ಲಿ ಮಾತಾಡಬೇಕು ಅಂದುಕೊಂಡಿದ್ದು ಅದರ ಬಗ್ಗೆಯೇ. ಸೇತುವೆ ಬಿದ್ದ ಮೇಲೆ ಜನ ಏನೇನು ಅಂದರು, ಯಾರ ಬಗ್ಗೆ ಅಂದರು, ಯಾರ ಬಗ್ಗೆ ಅನ್ನಲೇ ಇಲ್ಲ.

ಮೊದಲು ಘಟನೆ, ಚುಟುಕಾಗಿ. ರಾತ್ರಿ ಸುಮಾರು ಒಂದೂವರೆ. ಡಾಲಿ ಬಾಲ್ಟಿಮೋರ್ ಬಂದರಿನಿಂದ ಶ್ರೀಲಂಕಾದ ಕೊಲಂಬೊಗೆ ಹೊರಟಿತ್ತು. ಸಿಂಗಾಪುರದ ಧ್ವಜ, ಗ್ರೇಸ್ ಓಷನ್ ಅನ್ನೋ ಕಂಪನಿಯ ಮಾಲೀಕತ್ವ, ಸಿನರ್ಜಿ ಮರೈನ್ ನಿರ್ವಹಣೆ, ಬಾಡಿಗೆಗೆ ತೆಗೆದುಕೊಂಡಿದ್ದು ಮಾರ್ಸ್ಕ್. ಸಿಬ್ಬಂದಿ 21 ಜನ. ಅದರಲ್ಲಿ 20 ಮಂದಿ ಭಾರತೀಯರು, ಒಬ್ಬರು ಶ್ರೀಲಂಕಾದವರು. ದಡ ಬಿಡಿಸಿದ ಟಗ್ ದೋಣಿಗಳು ವಾಪಸ್ ಹೋಗಿದ್ದವು. ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಹತ್ತಿರ ಬರುವಾಗ ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಎಂಜಿನ್ ನಿಂತಿತು. ಸುಕ್ಕಾನಿನ ಹಿಡಿತ ತಪ್ಪಿತು. ಹಡಗು ತಾನಾಗಿ ಬಲಕ್ಕೆ ತಿರುಗುತ್ತಾ ಹೋಗಿ ಪಿಲ್ಲರಿಗೆ ಗುದ್ದಿತು. 1977ರಲ್ಲಿ ತೆರೆದ ಸೇತುವೆ ಕೆಲವೇ ಸೆಕೆಂಡಿನಲ್ಲಿ ನೀರಿಗೆ ಬಿತ್ತು.

ಲಂಗರು ಹಾಕಬಹುದಿತ್ತಲ್ಲ ಅಂತ ಆಗ ಎಲ್ಲರೂ ಕೇಳಿದರು. ಹಾಕಿದ್ದರು. ಗುದ್ದುವಾಗ ಹಡಗಿನ ವೇಗ ನಮ್ಮೂರಲ್ಲಿ ಹುಡುಗರು ಸೈಕಲ್ ತುಳಿಯೋ ವೇಗ, ಅಷ್ಟೇ. ಆದರೆ ಸರಕು ಸೇರಿ ಲಕ್ಷ ಟನ್ನಿಗೂ ಹೆಚ್ಚು ಭಾರ. ಅದನ್ನು ಒಂದು ಲಂಗರು ಅಷ್ಟು ಹತ್ತಿರದಲ್ಲಿ ಹಿಡಿದು ನಿಲ್ಲಿಸೋದಿಲ್ಲ.

ನಮ್ಮ ಚಿಕ್ಕಮ್ಮನ ಮಗ ಕುಂದಾಪುರದ ಕಡೆಯವನು, ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್. ನನಗಿಂತ ದೊಡ್ಡವನು. "ಅಣ್ಣ, ಹಡಗಲ್ಲಿ ಕರೆಂಟ್ ಹೋದ್ರೆ ಹೇಗಿರುತ್ತೆ?" ಅಂತ ಕೇಳಿದ್ದೆ. "ಕತ್ತಲೆಗೆ ಹೆದರೂದಿಲ್ಲ ಮಾರಾಯ. ಸದ್ದು ನಿಲ್ತದಲ್ಲ, ಅದಕ್ಕೆ. ಮೂರು ತಿಂಗಳು ನಿದ್ರೆಯಲ್ಲೂ ಕೇಳ್ತಾ ಇದ್ದ ಸದ್ದು ಒಮ್ಮೆಲೇ ಇಲ್ಲ ಅಂದ್ರೆ ಎದೆ ಧಸಕ್ಕಂತದೆ" ಅಂದ. ಎಮರ್ಜೆನ್ಸಿ ಜನರೇಟರ್ ಶುರುವಾಗೋಕೆ ನಿಯಮದ ಪ್ರಕಾರ 45 ಸೆಕೆಂಡ್ ಅವಕಾಶ ಇದೆ. ನಡುಸಮುದ್ರದಲ್ಲಿ 45 ಸೆಕೆಂಡ್ ಏನೂ ಅಲ್ಲ. ಸೇತುವೆ ಎದುರು ಅದು ಬೇರೆಯೇ ಲೆಕ್ಕ.

ಈಗ ಜನರ ಮಾತಿಗೆ ಬರ್ತೀನಿ.

ಬೆಳಕು ಹರಿಯೋ ಮುಂಚೆಯೇ ಮೊದಲ ಅಲೆ ಬಂತು. ಇದು ಅಪಘಾತ ಅಲ್ಲ, ಸೈಬರ್ ದಾಳಿ ಅಂತ. ಆಂಡ್ರ್ಯೂ ಟೇಟ್, ಅಲೆಕ್ಸ್ ಜೋನ್ಸ್ ಥರದವರು ಇದನ್ನು ಹಬ್ಬಿಸಿದರು. ಹಡಗಿನ ಲೈಟ್ ಆರಿ ಹತ್ತಿದ್ದನ್ನೇ ಸಾಕ್ಷಿ ಅಂದರು. ಕ್ಯಾಪ್ಟನ್ ಉಕ್ರೇನಿನವನು ಅಂತ ಒಂದು ಕಥೆ ಓಡಾಡಿತು, ಅದು ಸುಳ್ಳು. ದಾಳಿ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ ಅಂತ ಅಲ್ಲಿನ ಅಧಿಕಾರಿಗಳು ಅದೇ ದಿನ ಹೇಳಿದರು, ಆದರೆ ಆ ಹೇಳಿಕೆಯನ್ನು ಯಾರು ಫಾರ್ವರ್ಡ್ ಮಾಡ್ತಾರೆ ಹೇಳಿ? ನನಗೆ ಇದರಲ್ಲಿ ದೊಡ್ಡ ಆಶ್ಚರ್ಯ ಇಲ್ಲ. ಇಷ್ಟು ದೊಡ್ಡದು ಬಿದ್ದಾಗ ಅಷ್ಟೇ ದೊಡ್ಡ ಕಾರಣ ಬೇಕು ಅಂತ ಮನಸ್ಸಿಗೆ ಅನಿಸುತ್ತೆ. ಲೇಬಲ್ ಸರಿ ಕೂರಲಿಲ್ಲ ಅಂದರೆ ಯಾರಿಗೂ ಸಮಾಧಾನ ಆಗಲ್ಲ.

ಎರಡನೇ ಅಲೆ ಮೇಯರ್ ಮೇಲೆ. ಬಾಲ್ಟಿಮೋರ್ ಮೇಯರ್ ಬ್ರಾಂಡನ್ ಸ್ಕಾಟ್ ಕಪ್ಪು ಜನಾಂಗದವರು, ಆಗ ವಯಸ್ಸು 39. ಬೆಳಗ್ಗೆ ಅವರು ಮಾಧ್ಯಮದ ಮುಂದೆ ನಿಂತಿದ್ದೇ ತಡ, "ಡಿಇಐ ಮೇಯರ್" ಅಂತ ಎಕ್ಸ್‌ನಲ್ಲಿ ಶುರುವಾಯ್ತು. ಡಿಇಐ ಅಂದರೆ ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ ಅನ್ನೋ ನೀತಿಗಳು. ಅದನ್ನು ಬೈಗುಳ ಮಾಡಿಕೊಂಡಿದ್ದಾರೆ. ನಮಗೆ ಇದನ್ನು ವಿವರಿಸಿ ಹೇಳೋ ಅಗತ್ಯವೇ ಇಲ್ಲ. ಆಸ್ಪತ್ರೆಯಲ್ಲಿ ಒಂದು ಆಪರೇಷನ್ ಕೆಟ್ಟರೆ "ಕೋಟಾದಲ್ಲಿ ಸೀಟ್ ಸಿಕ್ಕ ಡಾಕ್ಟರ್ ಇರಬೇಕು" ಅಂತ ಒಬ್ಬ ಅಂತಾನಲ್ಲ, ಅದರ ಅಮೆರಿಕನ್ ರೂಪ. ಆ ಮನುಷ್ಯ 2020ರಲ್ಲಿ ಚುನಾವಣೆ ಗೆದ್ದು ಬಂದವರು, ಯಾರೂ ನೇಮಕ ಮಾಡಿದ್ದಲ್ಲ. ಇನ್ನೂ ದೊಡ್ಡ ತಮಾಷೆ ಅಂದರೆ ಆ ಸೇತುವೆ ನಗರದ್ದೇ ಅಲ್ಲ. ಅದನ್ನು ನೋಡಿಕೊಳ್ತಾ ಇದ್ದಿದ್ದು ಮೇರಿಲ್ಯಾಂಡ್ ರಾಜ್ಯದ ಸಾರಿಗೆ ಪ್ರಾಧಿಕಾರ.

ಮೂರನೇ ಅಲೆ ನಮ್ಮ ಕಡೆಗೆ ಬಂತು. ಸಿಬ್ಬಂದಿ ಭಾರತೀಯರು ಅಂತ ಗೊತ್ತಾದ ಮೇಲೆ ಒಂದು ಕಾರ್ಟೂನ್ ವಿಡಿಯೊ ಓಡಾಡಿತು, ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಲಂಗೋಟಿ ಉಟ್ಟ, ಕೆದರಿದ ಕೂದಲಿನ ಕಪ್ಪು ಗಂಡಸರು ಹಡಗಿನೊಳಗೆ ದಿಕ್ಕೆಟ್ಟು ಕಿರುಚೋ ಚಿತ್ರ, ಹಿನ್ನೆಲೆಗೆ ಭಾರತೀಯ ಇಂಗ್ಲಿಷಿನ ಅಣಕ. ಲಕ್ಷಾಂತರ ಜನ ನೋಡಿದರು. ಅದರ ಕೆಳಗಿನ ಮಾತುಗಳನ್ನು ನಾನು ಇಲ್ಲಿ ಹೇಳಲ್ಲ.

ಅದಕ್ಕೆ ನಮ್ಮವರು ಉತ್ತರ ಕೊಟ್ಟರು. ಹೇಗೆ? ಅಧ್ಯಕ್ಷ ಜೋ ಬೈಡನ್ ಆ ದಿನ, ಹಡಗಿನಲ್ಲಿದ್ದವರು ಎಚ್ಚರಿಕೆ ಕೊಟ್ಟಿದ್ದರಿಂದ ಸೇತುವೆಯ ಸಂಚಾರ ನಿಲ್ಲಿಸೋಕೆ ಆಯ್ತು, ಜೀವಗಳು ಉಳಿದವು ಅಂತ ಹೇಳಿದ್ದರು. ಅದನ್ನೇ ಹಿಡಿದು ನಮ್ಮಲ್ಲಿ "ಭಾರತೀಯ ಸಿಬ್ಬಂದಿಯ ಸಮಯಪ್ರಜ್ಞೆ, ಜಗತ್ತೇ ತಲೆಬಾಗಿತು" ಅನ್ನೋ ಧಾಟಿಯ ಪೋಸ್ಟ್‌ಗಳು ಬಂದವು, ತ್ರಿವರ್ಣದ ಇಮೋಜಿ ಸಮೇತ. ಅಪಹಾಸ್ಯ ನೋಡಿ ಹೊಟ್ಟೆ ಉರಿದವರು ಹಾಗೆ ಬರೆದರು, ಅರ್ಥ ಆಗುತ್ತೆ. ಆದರೆ ಸಂಗತಿ ಏನು? ಬಂದರಿನಿಂದ ದೊಡ್ಡ ಹಡಗು ಹೊರಡುವಾಗ ದಾರಿ ತೋರಿಸಿ ನಡೆಸೋದು ಸ್ಥಳೀಯ ಪೈಲಟ್‌ಗಳು. ಆ ರಾತ್ರಿ ಮೇರಿಲ್ಯಾಂಡಿನ ಇಬ್ಬರು ಪೈಲಟ್‌ಗಳು ಮೇಲೆ ಇದ್ದರು. ಟಗ್ ಕರೆದಿದ್ದು, ಲಂಗರು ಹಾಕಿಸಿದ್ದು, ಸೇತುವೆ ಮುಚ್ಚಿಸಿ ಅಂತ ಸುದ್ದಿ ಮುಟ್ಟಿಸಿದ್ದು ಅವರ ಕಡೆಯಿಂದ. ಅಂದರೆ ಕಾರ್ಟೂನ್ ಮಾಡಿದವನು ಯಾರನ್ನು ದಿಕ್ಕೆಟ್ಟವರು ಅಂತ ನಕ್ಕನೋ, ಆ ಹೊತ್ತಿನಲ್ಲಿ ಹಡಗು ನಡೆಸ್ತಾ ಇದ್ದವರು ಅವನ ದೇಶದವರೇ. ನಾವು ಯಾರನ್ನು ಹೊಗಳಿದೆವೋ, ಆ ಕರೆ ಹೋಗಿದ್ದು ಅವರಿಂದಲ್ಲ. ಎರಡೂ ಕಡೆಗೂ ಬೇಕಾಗಿದ್ದು ಬಣ್ಣ ಮತ್ತು ಪಾಸ್‌ಪೋರ್ಟ್ ಮಾತ್ರ.

ಹಾಗಂತ ಹಡಗಿನ ಕಡೆ ತಪ್ಪೇ ಇಲ್ಲ ಅಂತ ಅಲ್ಲ, ಅದನ್ನೂ ಹೇಳಬೇಕು. ಹೊರಡೋಕೆ ಹತ್ತು ಗಂಟೆ ಮುಂಚೆ ದಡದಲ್ಲೇ ಎರಡು ಸಲ ಕರೆಂಟ್ ಹೋಗಿತ್ತು. ಮೊದಲನೆಯದಕ್ಕೆ ಕಾರಣ ಸಿಬ್ಬಂದಿಯೊಬ್ಬರು ಎಂಜಿನ್ ಹೊಗೆ ಹೋಗೋ ದಾರಿಯ ಡ್ಯಾಂಪರ್ ತಪ್ಪಾಗಿ ಮುಚ್ಚಿದ್ದು. ಇದಲ್ಲದೆ ಜನರೇಟರ್‌ಗೆ ಇಂಧನ ಕೊಡೋಕೆ ಅದಕ್ಕಲ್ಲದ ಒಂದು ಪಂಪ್ ಬಳಸ್ತಾ ಇದ್ದರು. ಕರೆಂಟ್ ಹೋಗಿ ಬಂದಾಗ ಅದು ತಾನಾಗಿ ಶುರು ಆಗೋದಿಲ್ಲ. ಸೇತುವೆ ಎದುರು ಎರಡನೇ ಸಲ ಕರೆಂಟ್ ಹೋಗಿದ್ದು ಅದರಿಂದ. ನಿರ್ವಹಣೆಯ ಕಂಪನಿ ಇದನ್ನು ಗಮನಿಸಬೇಕಿತ್ತು ಅಂತ ತನಿಖೆ ಹೇಳಿದೆ. ಇದು ಹಡಗು ನಡೆಸೋ ವ್ಯವಹಾರದ ತಪ್ಪು. ಇದಕ್ಕೂ ಲಂಗೋಟಿಗೂ ಸಂಬಂಧ ಇಲ್ಲ.

ಆ 21 ಜನರಿಗೆ ಮುಂದೆ ಏನಾಯ್ತು ಅನ್ನೋದನ್ನು ಹೊಗಳಿದವರೂ ಕೇಳಲಿಲ್ಲ, ನಕ್ಕವರೂ ಕೇಳಲಿಲ್ಲ. ಹಡಗಿನ ಮೂತಿಯ ಮೇಲೆ ಸೇತುವೆಯ ಉಕ್ಕು ಬಿದ್ದಿತ್ತು. ವೀಸಾ, ಪಾಸು ಇಲ್ಲದೆ ಇಳಿಯೋ ಹಾಗಿಲ್ಲ. ಏಪ್ರಿಲ್‌ನಲ್ಲಿ ಎಫ್‌ಬಿಐ ಬಂದು ಅವರ ಫೋನ್‌ಗಳನ್ನು ತೆಗೆದುಕೊಂಡು ಹೋಯ್ತು. ಫೋನ್ ಇಲ್ಲ ಅಂದರೆ ಮನೆಗೆ ದುಡ್ಡು ಕಳಿಸೋಕೂ ಆಗ್ತಿಲ್ಲ, ಬಿಲ್ ಕಟ್ಟೋಕೂ ಆಗ್ತಿಲ್ಲ ಅಂತ ನಾವಿಕರ ಸಂಘಗಳು ದೂರಿದವು. ನಮ್ಮ ಅಣ್ಣನಿಗೆ ಇದನ್ನು ಹೇಳಿದಾಗ ಅವನು ತಕ್ಷಣ ಅಂದಿದ್ದು, "ಒಟಿಪಿ ಬರೂದೇ ಅದಕ್ಕಲ್ವಾ." ಮೇ 13ರಂದು ಆ ಉಕ್ಕನ್ನು ಸ್ಫೋಟಕ ಇಟ್ಟು ತುಂಡು ಮಾಡಿದರು. ಆಗಲೂ ಸಿಬ್ಬಂದಿ ಹಡಗಿನ ಒಳಗೇ ಇದ್ದರು. ಮೇ 20ಕ್ಕೆ ಹಡಗು ಕದಲಿತು. ಜೂನ್‌ನಲ್ಲಿ ಕೆಲವರಿಗೆ ಮನೆಗೆ ಹೋಗೋ ಅನುಮತಿ ಸಿಕ್ಕಿತು, ಉಳಿದವರು ಮತ್ತೂ ಅಲ್ಲೇ ಉಳಿದರು. ನಡುವೆ ಅವರಿಗೆ ಸಿಮ್ ಕಾರ್ಡ್, ತಿಂಡಿ ತಲುಪಿಸಿದ್ದು ಬಾಲ್ಟಿಮೋರಿನ ನಾವಿಕರ ಸೇವಾ ಕೇಂದ್ರದ ಥರದ ಸಣ್ಣ ಸಂಸ್ಥೆಗಳು.

ಇನ್ನು ನಾನು ಕಾಮರ್ಸ್ ಓದಿದವನಾದ್ದರಿಂದ ದುಡ್ಡಿನ ವಿಷಯ ಬಿಟ್ಟರೆ ನಿದ್ದೆ ಬರಲ್ಲ. ಬಿಕಾಂನಲ್ಲಿ ಮರೈನ್ ಇನ್ಶೂರೆನ್ಸ್ ಪಾಠದಲ್ಲಿ "ಜನರಲ್ ಆವರೇಜ್" ಅಂತ ಒಂದು ಪ್ಯಾರಾ ಬರುತ್ತೆ, ಐದು ಅಂಕಕ್ಕೆ ಬಾಯಿಪಾಠ ಮಾಡಿ ಮರೆತಿದ್ದೆ. ಅದು ಎದ್ದು ಬಂತು. ಹಡಗು, ಸರಕು ಎಲ್ಲ ಸೇರಿ ಅಪಾಯಕ್ಕೆ ಸಿಕ್ಕಾಗ ಅದನ್ನು ಉಳಿಸೋಕೆ ಆದ ಖರ್ಚನ್ನು ಹಡಗಿನ ಮಾಲೀಕ ಒಬ್ಬನೇ ಹೊರಲ್ಲ, ಕಂಟೇನರ್ ಕಳಿಸಿದ ಪ್ರತಿಯೊಬ್ಬನೂ ತನ್ನ ಸರಕಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಗ್ರೇಸ್ ಓಷನ್ 2024ರ ಏಪ್ರಿಲ್‌ನಲ್ಲಿ ಅದನ್ನು ಘೋಷಿಸಿತು. ಡಾಲಿ ಮೇಲೆ ಸುಮಾರು 4,700 ಕಂಟೇನರ್ ಇದ್ದವು. ತನ್ನ ಸೋಫಾ ಕಂಟೇನರಿನಲ್ಲಿದೆ ಅಂತ ಕಾಯ್ತಾ ಇದ್ದ ಸಣ್ಣ ವ್ಯಾಪಾರಿ ಕೂಡ ಇದರ ಪಾಲುದಾರ.

ಜೊತೆಗೆ ಮಾಲೀಕರು ನ್ಯಾಯಾಲಯಕ್ಕೆ ಹೋಗಿ ನಮ್ಮ ಹೊಣೆ 4.367 ಕೋಟಿ ಡಾಲರ್‌ಗೆ ಮಿತಿ ಮಾಡಿ ಅಂದರು. ಇದು 1851ರ ಕಾಯ್ದೆ. ಟೈಟಾನಿಕ್ ಮಾಲೀಕರು ಬಳಸಿದ್ದೂ ಇದನ್ನೇ. ಅಪಘಾತ ಆದ ಮೇಲೆ ಹಡಗಿಗೆ ಎಷ್ಟು ಬೆಲೆ ಉಳಿದಿದೆಯೋ, ಜೊತೆಗೆ ಆ ಪ್ರಯಾಣದ ಬಾಡಿಗೆ ಎಷ್ಟೋ, ಅಷ್ಟೇ ಹೊಣೆ. ಆರು ಜನ ಸತ್ತ ಮೇಲೆ ಈ ಅರ್ಜಿ ನೋಡಿ ಅಲ್ಲಿನ ಜನ ಕುದಿದು ಹೋದರು, ಬಾಲ್ಟಿಮೋರ್ ನಗರವೇ ಅದನ್ನು ವಿರೋಧಿಸಿತು. ನನ್ನ ಅಭಿಪ್ರಾಯ ಕೇಳಿದರೆ ಇದ್ದ ಪ್ರತಿಕ್ರಿಯೆಗಳಲ್ಲಿ ನೆಟ್ಟಗೆ ಗುರಿ ಇಟ್ಟ ಸಿಟ್ಟು ಇದೊಂದೇ. ಆದರೆ ಇದಕ್ಕೆ ಮೀಮ್ ಮಾಡೋಕೆ ಆಗಲ್ಲ ನೋಡಿ, ಹಾಗಾಗಿ ಹೆಚ್ಚು ಓಡಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರದ ಖರ್ಚಿನ ಬಾಬ್ತು ಎರಡೂ ಕಂಪನಿ ಸೇರಿ ಸುಮಾರು 10.2 ಕೋಟಿ ಡಾಲರ್ ಕೊಡೋಕೆ ಒಪ್ಪಿದವು. ಹೊಸ ಸೇತುವೆಗೆ ಈಗಿನ ಅಂದಾಜು 430 ಕೋಟಿಯಿಂದ 520 ಕೋಟಿ ಡಾಲರ್. ತೆರೆಯೋದು 2030ರ ಕೊನೆಗೆ.

ಸೇತುವೆ ಯಾಕೆ ಅಷ್ಟು ಸುಲಭವಾಗಿ ಬಿತ್ತು ಅನ್ನೋದು ಇನ್ನೊಂದು ಪ್ರಶ್ನೆ. ಅದೂ ಮೀಮ್‌ಗೆ ಸಿಗದೆ ಹೋಯ್ತು. 1980ರಲ್ಲಿ ಬ್ಲೂ ನಗೋಯಾ ಅನ್ನೋ ಹಡಗು ಇದೇ ಸೇತುವೆಗೆ ಗುದ್ದಿತ್ತು. ಹಡಗು ಚಿಕ್ಕದು, ಹೆಚ್ಚೇನೂ ಆಗಲಿಲ್ಲ. ಅದೇ ವರ್ಷ ಮೇ 9ರಂದು ಫ್ಲಾರಿಡಾದ ಸನ್‌ಶೈನ್ ಸ್ಕೈವೇ ಸೇತುವೆಗೆ ಬಿರುಗಾಳಿಯಲ್ಲಿ ಸಮ್ಮಿಟ್ ವೆಂಚರ್ ಅನ್ನೋ ಹಡಗು ಗುದ್ದಿ 35 ಜನ ಸತ್ತರು. ಆವತ್ತೂ ಜನರ ಕೈಗೆ ಸಿಕ್ಕಿದ್ದು ಪೈಲಟ್ ಜಾನ್ ಲೆರೋ. ಆಗ ಎಕ್ಸ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ತನಿಖೆಯಲ್ಲಿ ಅವರು ದೋಷಮುಕ್ತರಾದರೂ ಆ ಹೆಸರು ಅವರನ್ನು ಬಿಡಲಿಲ್ಲ. ಆಮೇಲೆ ಹೊಸ ಸೇತುವೆಗಳ ಪಿಲ್ಲರ್ ಸುತ್ತ ದೊಡ್ಡ ಕಾಂಕ್ರೀಟ್ ತಡೆಗಳು ಬಂದವು. ಹಳೆಯ ಸೇತುವೆಗಳು ಹಾಗೇ ಉಳಿದವು, ಹಡಗುಗಳು ಮಾತ್ರ ಬೆಳೀತಾ ಹೋದವು. ಕೀ ಸೇತುವೆಯ ಅಪಾಯದ ಮಟ್ಟ ಒಪ್ಪಬಹುದಾದ ಮಿತಿಗಿಂತ ಸುಮಾರು 30 ಪಟ್ಟು ಇತ್ತು ಅಂತ 2025ರ ಮಾರ್ಚ್‌ನಲ್ಲಿ ಎನ್‌ಟಿಎಸ್‌ಬಿ ಹೇಳಿತು. ಆ ಲೆಕ್ಕವನ್ನು ಸೇತುವೆಯ ಪ್ರಾಧಿಕಾರ ಮಾಡಿಯೇ ಇರಲಿಲ್ಲ. ಹೀಗೇ ಲೆಕ್ಕ ಮಾಡದೆ ಉಳಿದ ಇನ್ನೂ 68 ಸೇತುವೆಗಳ ಪಟ್ಟಿಯನ್ನೂ ಕೊಟ್ಟಿತು.

ನಾನು ಇದುವರೆಗೆ ಸತ್ತವರ ಬಗ್ಗೆ ಹೇಳಿಲ್ಲ. ಬೇಕಂತಲೇ ಕೊನೆಗೆ ಇಟ್ಟೆ, ಯಾಕಂದರೆ ಆ ವಾರದ ಮಾತಿನ ಅನುಕ್ರಮವೂ ಬಹುಮಟ್ಟಿಗೆ ಹೀಗೇ ಇತ್ತು.

ಆ ರಾತ್ರಿ ಸೇತುವೆ ಮೇಲೆ ರಸ್ತೆ ಗುಂಡಿ ಮುಚ್ಚೋ ಕೆಲಸ ನಡೀತಿತ್ತು. ಏಳು ಜನ ಕೆಲಸಗಾರರು, ಒಬ್ಬ ಇನ್‌ಸ್ಪೆಕ್ಟರ್. ಕೆಲಸಗಾರರು ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಕಡೆಯಿಂದ ಬಂದು ಅಲ್ಲಿ ಬದುಕು ಕಟ್ಟಿಕೊಂಡವರು. ಗುದ್ದೋ ಹೊತ್ತಿಗೆ ವಿರಾಮ, ಬಹುತೇಕರು ತಮ್ಮ ಗಾಡಿಗಳಲ್ಲಿ ಕೂತಿದ್ದರು. ಆರು ಜನ ಸತ್ತರು. ಇನ್‌ಸ್ಪೆಕ್ಟರ್ ಓಡಿ ಉಳಿದರು. ಇನ್ನೊಬ್ಬರು ಟ್ರಕ್ ಸಮೇತ ನೀರಿಗೆ ಬಿದ್ದು, ಕಿಟಕಿಯನ್ನು ಕೈಯಲ್ಲಿ ತಿರುಗಿಸಿ ಇಳಿಸಿ ಹೊರಗೆ ಬಂದರು. ಈಜು ಬರ್ತಿರಲಿಲ್ಲ. ಆರನೇ ದೇಹ ಸಿಕ್ಕಿದ್ದು ಮೇ 7ಕ್ಕೆ, ಆರು ವಾರ ಆದ ಮೇಲೆ.

ಪೊಲೀಸರ ರೇಡಿಯೊ ಮಾತುಕತೆಯ ಧ್ವನಿಮುದ್ರಣ ಹೊರಗೆ ಬಂದಿದೆ. ಹಡಗು ಹಿಡಿತ ತಪ್ಪಿದೆ, ಸಂಚಾರ ನಿಲ್ಲಿಸಿ ಅಂತ ಕರೆ ಬರುತ್ತೆ. ಎರಡೂ ತುದಿಯಲ್ಲಿ ಪೊಲೀಸರು ವಾಹನ ತಡೀತಾರೆ. ಅದು ನಿಜವಾಗಲೂ ಚುರುಕಿನ ಕೆಲಸ, ಎಷ್ಟೋ ಜೀವ ಉಳಿದಿದ್ದು ಅದರಿಂದ. ಆಮೇಲೆ ಒಬ್ಬರು ಕೇಳ್ತಾರೆ, ಮೇಲೆ ಕೆಲಸದವರು ಇದ್ದಾರಲ್ಲ, ಅವರ ಮೇಸ್ತ್ರಿಗೆ ತಿಳಿಸಿ ಇಳಿಸಬೇಕಲ್ವಾ ಅಂತ. ಇನ್ನೊಂದು ಗಾಡಿ ಬಂದ ಕೂಡಲೇ ನಾನು ಮೇಲೆ ಹೋಗಿ ಕರ್ಕೊಂಡು ಬರ್ತೀನಿ ಅನ್ನೋ ಅರ್ಥದಲ್ಲಿ ಒಬ್ಬ ಅಧಿಕಾರಿ ಅಂತಾರೆ. ಅಷ್ಟರಲ್ಲಿ ಇನ್ನೊಂದು ಧ್ವನಿ. ಸೇತುವೆ ಪೂರ್ತಿ ಬಿತ್ತು ಅಂತ.

ವಾಹನ ತಡೀರಿ ಅಂತ ಪೊಲೀಸರಿಗೆ ಹೇಳಿದ ಹೊತ್ತಿನಲ್ಲೇ ಕೆಲಸಗಾರರಿಗೂ ಹೇಳಿದ್ದರೆ ಅವರಿಗೆ ಸುಮಾರು ಒಂದೂವರೆ ನಿಮಿಷ ಸಿಗ್ತಿತ್ತು, ಬೀಳದೆ ಉಳಿದ ಭಾಗಕ್ಕೆ ಹೋಗೋಕೆ ಅದು ಸಾಕಾಗಿರಬಹುದಿತ್ತು ಅಂತ ತನಿಖೆ ಹೇಳಿದೆ. ಅಧಿಕಾರಿಯ ತಪ್ಪು ಅಂತ ನಾನು ಹೇಳ್ತಿಲ್ಲ. ಆ ಕತ್ತಲಲ್ಲಿ ಆತ ಹೋಗ್ತೀನಿ ಅಂತ ಹೊರಟವರೇ. ಮೇಲೆ ಕೆಲಸ ಮಾಡೋರಿಗೆ ನೇರವಾಗಿ ಮುಟ್ಟೋ ಒಂದು ದಾರಿಯನ್ನು ಯಾರೂ ಮುಂಚೆ ಯೋಚನೆ ಮಾಡಿ ಇಟ್ಟಿರಲಿಲ್ಲ. ಒಂದು ಸೈರನ್, ಒಂದು ವಾಕಿಟಾಕಿ, ಮೇಸ್ತ್ರಿಯ ನಂಬರ್ ಬರೆದ ಒಂದು ಚೀಟಿ.

ಆ ಒಂದೂವರೆ ನಿಮಿಷವನ್ನು ಎಲ್ಲರೂ ಹೊಗಳಿದೆವು. ನಾನೂ "ತೊಂಬತ್ತು ಸೆಕೆಂಡಿನ ಪವಾಡ" ಅನ್ನೋ ಥರದ ವಿಡಿಯೊಗಳನ್ನು ನೋಡಿದೆ. ಅದೇ ತೊಂಬತ್ತು ಸೆಕೆಂಡ್ ಆ ಆರು ಮನೆಯವರಿಗೆ ಬೇರೆ ಥರ ಕೇಳಿಸುತ್ತೆ. ಅದು ಚುನಾವಣೆಯ ವರ್ಷ. ಗಡಿ ದಾಟಿ ಬಂದವರ ಬಗ್ಗೆ ಟಿವಿಯಲ್ಲಿ ದಿನಾ ಜಗಳ. ರಾತ್ರಿ ಪಾಳಿಯಲ್ಲಿ ಗುಂಡಿ ಮುಚ್ಚಿ, ಬೆಳಗ್ಗೆ ಜನ ಆಫೀಸಿಗೆ ಹೋಗುವಾಗ ಮನೆಗೆ ಬರ್ತಿದ್ದ ಈ ಗಂಡಸರ ಬಗ್ಗೆ ಮಾತಾಡಿದ್ದು ಹೆಚ್ಚಾಗಿ ಅವರ ಚರ್ಚು, ಅವರ ನೆರೆಯವರು, ಮತ್ತು ಅವರ ಭಾಷೆಯ ಪತ್ರಕರ್ತರು.

ಸೇತುವೆಯ ಮೇಲೆ ಇರೋ ವಾಹನದವರಿಗೆ, ಕೆಲಸಗಾರರಿಗೆ ತಕ್ಷಣ ಎಚ್ಚರಿಕೆ ಮುಟ್ಟಿಸೋ ವ್ಯವಸ್ಥೆ ಬೇಕು ಅಂತ ಮಂಡಳಿ ಈಗ ಶಿಫಾರಸು ಮಾಡಿದೆ. ಇಂಥದ್ದು ಬೇಕು ಅನ್ನೋ ಮಾತು ಸನ್‌ಶೈನ್ ಸ್ಕೈವೇ ಬಿದ್ದಾಗಲೂ ಬಂದಿತ್ತು, 1980ರಲ್ಲಿ. ಆವತ್ತು ಸೇತುವೆ ಮುರಿದ ಮೇಲೂ ಮಳೆಯಲ್ಲಿ ಕಾಣದೆ ಗಾಡಿಗಳು ಒಂದರ ಹಿಂದೆ ಒಂದು ಹೋಗಿ ನೀರಿಗೆ ಬಿದ್ದಿದ್ದವು, ಒಂದು ಬಸ್ ಸೇರಿ.

ಕೇಳ್ತಾ ಇರೋರಲ್ಲಿ ಮನೆಯವರು ಹಡಗಿನಲ್ಲಿ ಕೆಲಸ ಮಾಡ್ತಿದ್ದರೆ, ಅಥವಾ ಹೆದ್ದಾರಿ, ಸೇತುವೆ ಮೇಲೆ ರಾತ್ರಿ ಪಾಳಿ ಮಾಡ್ತಿದ್ದರೆ, ಅಪಾಯ ಬಂದಾಗ ನಿಮಗೆ ಯಾರು, ಹೇಗೆ ತಿಳಿಸ್ತಾರೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಹೇಳಬೇಕಿಲ್ಲ. ಬಂದದ್ದನ್ನು ಮುಂದಿನ ಕಂತಿನಲ್ಲಿ ಕೇಳಿಸ್ತೀನಿ.